ಹಾರ್ಮೋನ್ ಮೊಡವೆಗೆ ಮನೆಯಲ್ಲೇ ಏನು ಹಚ್ಚಬಹುದು?

ಮೊಡವೆಯ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ತಿಂಗಳು ತಿಂಗಳು ಗದ್ದದ ಮೇಲೆ ಏಳುವ ಈ ಗಂಟುಗಳಿಗೆ ಮನೆಯಲ್ಲೇ ಏನಾದರೂ ಮಾಡಿ ಹಚ್ಚಬಹುದೇ?" ಹಚ್ಚಬಹುದು, ನಾನೂ ಹಚ್ಚುತ್ತೇನೆ. ಆದರೆ ಹಚ್ಚಿದ್ದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮೊದಲೇ ತಿಳಿದಿದ್ದರೆ ಅರ್ಧ ಸಂಕಟ ತಪ್ಪುತ್ತದೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದ.

ಈ ಮೊಡವೆ ಹುಟ್ಟುವುದು ಚರ್ಮದ ಒಳಗೆ. ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಣ್ಣು, ಗಂಡು ಇಬ್ಬರ ದೇಹದಲ್ಲೂ ಇರುತ್ತವೆ. ಅವು ತೈಲಗ್ರಂಥಿಗಳನ್ನು ಪ್ರಚೋದಿಸಿದಾಗ ಜಿಡ್ಡು ಹೆಚ್ಚುತ್ತದೆ. ರಂಧ್ರದ ಒಳಗೋಡೆಯಿಂದ ಕಳಚಿದ ಸತ್ತ ಕೋಶಗಳು ಆ ಜಿಡ್ಡಿಗೆ ಅಂಟಿಕೊಂಡು ಬಾಯಿ ಕಟ್ಟುತ್ತವೆ. ಅಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಜೋರಾಗುತ್ತದೆ. ರಕ್ತಪರೀಕ್ಷೆಯಲ್ಲಿ ಹಾರ್ಮೋನುಗಳ ಮಟ್ಟ ಸರಿಯಿದ್ದರೂ ಗ್ರಂಥಿಗಳು ಅವುಗಳಿಗೆ ಅತಿಯಾಗಿ ಸ್ಪಂದಿಸುವುದುಂಟು. ಮುಟ್ಟಿನ ಹಿಂದಿನ ವಾರ ದವಡೆಯ ಅಂಚಿನಲ್ಲಿ, ಗದ್ದದಲ್ಲಿ ತಲೆಯೇ ಕಾಣದ, ಮುಟ್ಟಿದರೆ ನೋಯುವ ಗಂಟುಗಳು ಏಳುವುದು ಇದರ ಗುರುತು. ಇಂದು ಕಾಣಿಸಿದ ಮೊಡವೆಯ ತಯಾರಿ ಒಳಗೆ ಎಷ್ಟೋ ವಾರಗಳ ಹಿಂದೆಯೇ ಶುರುವಾಗಿರುತ್ತದೆ. ಹೀಗಿರುವಾಗ ರಾತ್ರಿ ಹಚ್ಚಿದ ಲೇಪ ಬೆಳಗಾಗುವುದರೊಳಗೆ ಅದನ್ನು ಮಾಯ ಮಾಡುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಮನೆಯಲ್ಲಿ ಮಾಡಿದ್ದು ಹಾರ್ಮೋನನ್ನು ತಿದ್ದುವುದಿಲ್ಲ. ಕೆರಳಿದ ಚರ್ಮವನ್ನು ತಣಿಸುತ್ತದೆ, ಅದರ ತೇವ ಉಳಿಸುತ್ತದೆ. ನನಗೆ ಇಷ್ಟೇ ದೊಡ್ಡದು ಅನ್ನಿಸುತ್ತದೆ, ಏಕೆಂದರೆ ಮೊಡವೆಯ ಮುಖಕ್ಕೆ ಹೆಚ್ಚು ಹಾನಿಯಾಗುವುದು ನಾವು ಆತುರದಲ್ಲಿ ಮಾಡುವ ಉಪಚಾರಗಳಿಂದಲೇ.

ನಿಂಬೆರಸವನ್ನೇ ನೋಡಿ. ಆರೋಗ್ಯವಂತ ಚರ್ಮದ ಮೇಲ್ಪದರ ತುಸು ಆಮ್ಲೀಯವಾಗಿರುತ್ತದೆ, ಅದರ ಪಿಎಚ್ (ಆಮ್ಲೀಯತೆಯ ಅಳತೆ; ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5. ನಿಂಬೆರಸದ್ದು 2ರ ಆಸುಪಾಸು, ಅಡುಗೆ ಸೋಡಾ ಕಲಸಿದ ನೀರಿನದು 8ಕ್ಕೂ ಮೇಲೆ. ಒಂದು ಚರ್ಮವನ್ನು ಸುಡುತ್ತದೆ, ಇನ್ನೊಂದು ಅದರ ಆಮ್ಲದ ಹೊದಿಕೆಯನ್ನೇ ಕಿತ್ತುಹಾಕುತ್ತದೆ. ಅಷ್ಟು ಸಾಲದೆಂಬಂತೆ, ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಫ್ಯೂರಾನೊಕೌಮರಿನ್ ಎಂಬ ಅಂಶ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳಬಹುದು. ಕಲೆ ಹೋಗಲಿ ಎಂದು ಹಚ್ಚಿದ್ದೇ ಕಲೆಯನ್ನು ತಂದಂತಾಯಿತು. ಟೂತ್‌ಪೇಸ್ಟ್, ಒರಟು ಸಕ್ಕರೆಯ ಸ್ಕ್ರಬ್, ಮುಖದ ಮೇಲೆ ಕೊಬ್ಬರಿ ಎಣ್ಣೆ ಇವನ್ನೂ ಬಿಟ್ಟುಬಿಡಿ. ಕೊಬ್ಬರಿ ಎಣ್ಣೆ ಕೈಕಾಲುಗಳ ಒಣ ಚರ್ಮಕ್ಕೆ ಒಳ್ಳೆಯದೇ, ಆದರೆ ಮೊಡವೆಯ ಮುಖದಲ್ಲಿ ರಂಧ್ರ ಕಟ್ಟುವ ಸಾಧ್ಯತೆ ಹೆಚ್ಚು.

ಹಾಗಾದರೆ ಏನು? ನನ್ನ ಮೊದಲ ಆಯ್ಕೆ ಓಟ್ಸ್. ಸಕ್ಕರೆ, ಸುವಾಸನೆ ಯಾವುದೂ ಬೆರೆಸದ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಬೇಕು. ಸಾಕಷ್ಟು ನುಣ್ಣಗಾಗಿದೆಯೇ ಎಂದು ತಿಳಿಯಲು ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ ಕಲಕಿ. ನೀರೆಲ್ಲ ಹಾಲಿನಂತೆ ಬೆಳ್ಳಗಾಗಿ, ಬೆರಳುಗಳ ನಡುವೆ ಜಾರುವಂತಾದರೆ ಸರಿ. ಪುಡಿ ತಳದಲ್ಲಿ ಕೂತು ನೀರು ತಿಳಿಯಾಗಿಯೇ ಉಳಿದರೆ ಇನ್ನೊಂದು ಸುತ್ತು ಅರೆಯಬೇಕು. ಈ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೆಳ್ಳಗೆ ಕಲಸಿ, ತೊಳೆದ ಮುಖಕ್ಕೆ ಉಜ್ಜದೆ ಸವರಿ, ಹತ್ತು ನಿಮಿಷ ಬಿಟ್ಟು, ಪೂರ್ತಿ ಒಣಗುವ ಮುಂಚೆಯೇ ತೊಳೆಯುತ್ತೇನೆ. ಒಣಗಿ ಬಿಗಿದ ಲೇಪವನ್ನು ಕೆರೆದು ತೆಗೆಯುವುದರಲ್ಲಿ ಯಾವ ಪುಣ್ಯವೂ ಇಲ್ಲ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ತೇವವನ್ನು ಹಿಡಿದಿಡುತ್ತದೆ, ಅವೆನಾಂತ್ರಮೈಡ್ ಎಂಬ ಅಂಶಗಳು ಕೆಂಪು, ತುರಿಕೆಗಳನ್ನು ತಗ್ಗಿಸುತ್ತವೆ. ಹೀಗೆ ನುಣುಪಾದ ಓಟ್ಸ್ ಪುಡಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಚರ್ಮರಕ್ಷಕಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ಲೋಳೆಸರ. ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಅಡಿಯಿಂದ ಹಳದಿ ರಸ ಒಸರುತ್ತದೆ. ಲೋಳೆಸರ ಆಗಿಬರುವುದಿಲ್ಲ ಎಂದು ಕೆಲವರಿಗೆ ಎನ್ನಿಸಲು ಈ ರಸವೇ ಕಾರಣವಿರಬಹುದು, ಅದು ಚರ್ಮವನ್ನು ಕೆರಳಿಸಬಲ್ಲದು. ಎಲೆಯನ್ನು ನೆಟ್ಟಗೆ ನಿಲ್ಲಿಸಿ ರಸವೆಲ್ಲ ಇಳಿದ ಮೇಲೆ ತೊಳೆದು, ಸಿಪ್ಪೆ ಸುಲಿದು, ಒಳಗಿನ ಪಾರದರ್ಶಕ ತಿರುಳನ್ನಷ್ಟೇ ತೆಗೆದುಕೊಳ್ಳಿ.

ಜೇನುತುಪ್ಪದ ಬಗ್ಗೆ ನನಗೆ ದೊಡ್ಡ ಭರವಸೆಯಿಲ್ಲ. ನ್ಯೂಜಿಲೆಂಡ್‌ನಲ್ಲಿ ಕಾನುಕಾ ಎಂಬ ಅಲ್ಲಿನ ಗಿಡದ ಹೂವಿನ ಜೇನನ್ನು ಮೊಡವೆಯ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಬ್ಯಾಕ್ಟೀರಿಯಾ ನಿರೋಧಕ ಸೋಪಿನ ಜೊತೆಗೆ ಜೇನು ಹಚ್ಚಿದವರಿಗೂ ಬರೀ ಸೋಪು ಬಳಸಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೃದುತ್ವಕ್ಕಾಗಿ ಹಚ್ಚುವುದಾದರೆ ಹಚ್ಚಿ. ಅರಿಶಿನ ಕೆಲವರಿಗೆ ಅಲರ್ಜಿ ತರುತ್ತದೆ.

ಆಸ್ಟ್ರೇಲಿಯಾದ ಒಂದು ಗಿಡದ ಎಲೆಯಿಂದ ತೆಗೆಯುವ ಟೀ ಟ್ರೀ ಎಣ್ಣೆಗೆ ಸ್ವಲ್ಪ ಗಟ್ಟಿ ಆಧಾರವಿದೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 124 ಮಂದಿಯಲ್ಲಿ ಕೆಲವರಿಗೆ ಶೇಕಡಾ 5ರ ಟೀ ಟ್ರೀ ಜೆಲ್, ಉಳಿದವರಿಗೆ ಮೊಡವೆಗೆ ಸಾಮಾನ್ಯವಾಗಿ ಹಚ್ಚುವ ಔಷಧವಾದ ಬೆಂಜಾಯ್ಲ್ ಪೆರಾಕ್ಸೈಡ್ (ಶೇಕಡಾ 5) ಕೊಟ್ಟಿದ್ದರು. ಎರಡೂ ಮೊಡವೆ ತಗ್ಗಿಸಿದವು. ಎಣ್ಣೆಯ ಪರಿಣಾಮ ನಿಧಾನ, ಆದರೆ ಉರಿ ಕಡಿಮೆ. ಅದನ್ನು ನೇರವಾಗಿ ಸೀಸೆಯಿಂದ ಹಚ್ಚುವುದು ಮಾತ್ರ ಅಪಾಯ. ಗಾಳಿ ಆಡಿ ಹಳತಾದ ಎಣ್ಣೆ ಅಲರ್ಜಿ ತರುವುದು ಇನ್ನೂ ಹೆಚ್ಚು. ಹನಿ ಲೆಕ್ಕ ಹಾಕಿ ಮನೆಯಲ್ಲಿ ಬೆರೆಸುವ ಬದಲು ಸಿದ್ಧ ಜೆಲ್ ಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಯಾವುದನ್ನೇ ಆಗಲಿ, ಮೊದಲು ಮುಂಗೈಯ ಒಳಭಾಗದ ಒಂದೇ ಜಾಗಕ್ಕೆ ಒಂದು ವಾರ ಹಚ್ಚಿ ನೋಡಿ. ನೀರು ಸೇರಿದ ಲೇಪದಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ, ಆದ್ದರಿಂದ ಆಗಿಂದಾಗ್ಗೆ ಮಾಡಿಕೊಂಡು, ಮಿಕ್ಕಿದ್ದನ್ನು ಚೆಲ್ಲಿಬಿಡಿ. ದಿನಕ್ಕೆ ಎರಡು ಸಲ ಸೌಮ್ಯ ಕ್ಲೆನ್ಸರ್‌ನಿಂದ ಮುಖ ತೊಳೆದರೆ ಸಾಕು. ಗಂಟು ನೋವಿನಿಂದ ಸಿಡಿಯುತ್ತಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಇಡಿ, ನೋವು ಇಳಿಯುತ್ತದೆ. ಹಿಚುಕಬೇಡಿ. ಆಳದ ಗಂಟನ್ನು ಹಿಚುಕಿದರೆ ಒಳಗಿರುವುದು ಇನ್ನೂ ಒಳಕ್ಕೆ ಹೋಗಿ ಗುಳಿ ಬೀಳುತ್ತದೆ. ಕಂದು ಚರ್ಮದಲ್ಲಿ ಮೊಡವೆಗಿಂತ ಅದು ಬಿಟ್ಟುಹೋದ ಕಲೆಯೇ ಹೆಚ್ಚು ಕಾಲ ಕಾಡುತ್ತದೆ; ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಆ ಕಲೆ ಗಾಢವಾಗದಂತೆ ತಡೆಯುತ್ತದೆ. ಇದಕ್ಕೆ ಬದಲಿಯಾಗುವಂಥದ್ದನ್ನು ಅಡುಗೆಮನೆಯಲ್ಲಿ ಹುಡುಕಬೇಡಿ.

ಮೂರು ತಿಂಗಳಾದರೂ ಹೊಸ ಗಂಟುಗಳು ಏಳುತ್ತಲೇ ಇದ್ದರೆ, ಗುಳಿ ಬೀಳತೊಡಗಿದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಮುಟ್ಟು ಏರುಪೇರಾಗಿದ್ದು, ಮುಖದಲ್ಲಿ ಕೂದಲು ದಟ್ಟವಾಗಿ, ತಲೆಗೂದಲು ತೆಳ್ಳಗಾಗುತ್ತಿದ್ದರೆ ಕಾಯುವುದೇ ಬೇಡ, ಅದು ಪಿಸಿಒಎಸ್ ಎಂಬ, ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ ಇರಬಹುದು. ಆಂಡ್ರೋಜನ್‌ನ ಪ್ರಭಾವವನ್ನೇ ತಡೆಯುವ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳಿವೆ. ಬ್ರಿಟನ್‌ನಲ್ಲಿ 410 ಮಹಿಳೆಯರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ಗುಣ 12 ವಾರಗಳಿಗಿಂತ 24 ವಾರಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಅದನ್ನು ಸೇವಿಸುವಂತಿಲ್ಲ. ಅಡಾಪಲೀನ್‌ನಂಥ ರೆಟಿನಾಯ್ಡ್ (ವಿಟಮಿನ್ ಎ ಬಳಗದ ಮೊಡವೆ ಔಷಧ) ಮುಲಾಮುಗಳನ್ನೂ ಅವರು ಬಳಸಬಾರದು. ಇದನ್ನು ವೈದ್ಯರಿಗೆ ಮೊದಲೇ ಹೇಳಿ. ರೆಟಿನಾಯ್ಡ್ ಶುರುವಾದ ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಉರಿ ತಾಳದೆ ಎಷ್ಟೋ ಜನ ಔಷಧವನ್ನೇ ಬಿಟ್ಟುಬಿಡುತ್ತಾರೆ. ಓಟ್ಸ್ ಲೇಪ, ಸರಳವಾದ ಮಾಯಿಶ್ಚರೈಸರ್ ಇವು ನಿಜವಾಗಿ ಕೈಹಿಡಿಯುವುದು ಆಗಲೇ.