ರೆಕನಾತಿಗೆ ಹೋಗುವವರಿಗೆ: ಬೇಲಿಯ ಮುಂದೆ ಸ್ವಲ್ಪ ಹೊತ್ತು ಕೂರಿ

ಇಟಲಿಗೆ ಹೋಗುವ ನೀವು ಕವಿತೆ ಓದುವವರಾದರೆ, ರೆಕನಾತಿಗೂ ಒಂದು ದಿನ ಇಡಿ. ವಿಷಾದದ ಕವಿ, ಚಿಂತಕ ಜಾಕೊಮೊ ಲೆಯೊಪಾರ್ದಿ 1798ರಲ್ಲಿ ಹುಟ್ಟಿದ ಊರು ಅದು.

ರೋಮ್‌ನಿಂದ ಅಂಕೋನಾವರೆಗೆ ರೈಲು, ಆಮೇಲೆ ಬಸ್ಸು. ದಾರಿಯಲ್ಲಿ ಪೋರ್ತೊ ರೆಕನಾತಿ ಅನ್ನೋ ಹೆಸರು ಕಂಡರೆ ಅದೇ ಊರು ಅಂದುಕೊಳ್ಳಬೇಡಿ. ಅದು ಕಡಲ ದಂಡೆಯಲ್ಲಿದೆ, ಕವಿಯ ಊರು ಒಳಗೆ ಗುಡ್ಡದ ಮೇಲಿದೆ. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ, ಭಾನುವಾರವಂತೂ ಖಂಡಿತ.

ಕವಿಯ ಮನೆಯಲ್ಲಿ ಗ್ರಂಥಾಲಯ ತಪ್ಪಿಸಬೇಡಿ. ಅಪ್ಪ ಮೊನಾಲ್ದೊ ಕೂಡಿಹಾಕಿದ ಸಾವಿರಾರು ಪುಸ್ತಕಗಳು ಗೋಡೆ ತುಂಬ ಇವೆ. ಹುಡುಗ ಇಲ್ಲೇ ಕೂತು ಗ್ರೀಕ್, ಹೀಬ್ರೂ ತಾನೇ ಕಲಿತ. ಏಳು ವರ್ಷ ಹುಚ್ಚು ಹಿಡಿದಂತೆ ಓದಿ ಮೈ ಹಾಳು ಮಾಡಿಕೊಂಡೆ ಎಂದು ಆಮೇಲೆ ಗೆಳೆಯನಿಗೆ ಪತ್ರ ಬರೆದ. ಮನೆಯ ಮುಂದಿನ ಚೌಕದಲ್ಲೂ ನಿಲ್ಲಿ. ಎದುರಿನ ಮನೆಯಲ್ಲಿ ಸಾರೋಟು ಹೊಡೆಯುವವನ ಮಗಳು ತೆರೇಸಾ ಇದ್ದಳು. ಅವಳು ಮಗ್ಗದ ಮುಂದೆ ಹಾಡುವಾಗ ಇವನು ಪುಸ್ತಕ ಬಿಟ್ಟು ಕಿವಿಗೊಡುತ್ತಿದ್ದನಂತೆ. 1818ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಕ್ಷಯದಿಂದ ತೀರಿಕೊಂಡಳು. ಅವಳೇ ಸಿಲ್ವಿಯಾ ಅನ್ನುತ್ತಾರೆ; ‘ಸಿಲ್ವಿಯಾಗೆ’ ಕವಿತೆ ಬಂದದ್ದು ಹತ್ತು ವರ್ಷ ಕಳೆದು, ದೂರದ ಪೀಸಾದಲ್ಲಿ. ಮನೆಯ ಮುಂದಿನ ಈ ಚೌಕ ಅಷ್ಟು ಸಣ್ಣದು, ಅವಳ ದನಿ ಕೇಳದೆ ಇರಲು ಸಾಧ್ಯವೇ ಇಲ್ಲ ಅನಿಸುತ್ತದೆ.

ಅಲ್ಲಿಂದ ತಾಬೊರ್ ಗುಡ್ಡಕ್ಕೆ ನಡೆದೇ ಹೋಗಬಹುದು. 1819ರ ‘ಅನಂತ’ ಕವಿತೆ ಹುಟ್ಟಿದ್ದು ಇಲ್ಲೇ. ಬರೀ ಹದಿನೈದು ಸಾಲು, ಓದಿಕೊಂಡೇ ಹೋಗಿ. ಜಾಸ್ತಿ ಜನ ಕಣಿವೆ, ದೂರದ ಬೆಟ್ಟಸಾಲಿನ ಫೋಟೋ ತೆಗೆದು ಹೊರಟುಬಿಡುತ್ತಾರೆ. ಆದರೆ ಕವಿತೆಯಲ್ಲಿ ನೋಟವೇ ಇಲ್ಲ! ದಿಗಂತ ಕಾಣದಂತೆ ಒಂದು ಬೇಲಿ ಅಡ್ಡ ಬಂದಿದೆ. ಕಾಣದ್ದರಿಂದಲೇ ಮನಸ್ಸು ಕೊನೆಯಿಲ್ಲದ ಜಾಗವನ್ನು ಊಹಿಸುತ್ತದೆ. ಗಿಡಗಳ ನಡುವೆ ಗಾಳಿಯ ಸದ್ದು ಕೇಳಿದಾಗ ಕಳೆದ ಕಾಲವೂ ನೆನಪಾಗುತ್ತದೆ. ಹಾಗಾಗಿ ಗಿಡಮರಗಳ ಹಿಂದೆ ಒಂದು ಜಾಗ ಹುಡುಕಿ, ಸುಮ್ನೆ ಕೂರಿ. ಇದಕ್ಕೇ ಇಲ್ಲಿಗೆ ಬರಬೇಕು ಅಲ್ವಾ? ರಾತ್ರಿ ಊರಲ್ಲೇ ಉಳಿದರೆ ಸಂಜೆ ಪೂರ್ತಿ ನಿಮ್ಮದು.

ನೇಪಲ್ಸ್‌ಗೂ ಹೋಗುವುದಿದ್ದರೆ ಕವಿಯ ಸಮಾಧಿ ನೋಡಿ. 1837ರಲ್ಲಿ, ಕಾಲರಾ ಹಬ್ಬಿದ್ದ ಹೊತ್ತಿನಲ್ಲಿ, ಅಲ್ಲೇ ತೀರಿಕೊಂಡ. ಮೆರ್ಜೆಲ್ಲಿನಾ ಸ್ಟೇಷನ್ ಹತ್ತಿರದ ಪಾರ್ಕಿನಲ್ಲಿದೆ, ಪ್ರಾಚೀನ ರೋಮನ್ ಕವಿ ವರ್ಜಿಲ್‌ನದು ಎನ್ನುವ ಸಮಾಧಿಯೂ ಅಲ್ಲೇ. ಹತ್ತುವ ದಾರಿ, ಬೆಳಿಗ್ಗೆ ಹೋದರೆ ಒಳ್ಳೆಯದು.