‘ಅದರಿಂದ ಏನು ಉಪಯೋಗ?’

ಜೀವಕೋಶದ ಪೊರೆಯಲ್ಲಿರುವ, ವಿದ್ಯುದಂಶ ಹೊತ್ತ ಪರಮಾಣುಗಳಾದ ಅಯಾನುಗಳು ದಾಟಿಹೋಗುವ ಪ್ರೋಟೀನ್ ದಾರಿಗಳಾದ ಅಯಾನ್ ಚಾನೆಲ್‌ಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಸಾಕು, ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ‘ಅದರಿಂದ ಏನು ಉಪಯೋಗ?’ ಬ್ಯಾಂಕಿನಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ. ಪಿಎಚ್‌.ಡಿ.ಗೆ ಸೇರಲು ಬಂದ ಹುಡುಗಿಯ ತಂದೆಯೊಬ್ಬರು ಮಗಳ ಭವಿಷ್ಯದ ಕಳಕಳಿಯಿಂದ ಕೇಳಿದ್ದಾರೆ.

ಮೊದಲೆಲ್ಲ ನನ್ನ ಬಳಿ ಸಿದ್ಧ ಉತ್ತರವಿರುತ್ತಿತ್ತು. ಹಲ್ಲು ಕೀಳುವ ಮುನ್ನ ವೈದ್ಯರು ವಸಡಿಗೆ ಚುಚ್ಚುವ ಲಿಡೊಕೇನ್ ನರದ ಸೋಡಿಯಂ ಚಾನೆಲ್‌ಗಳನ್ನು ತಡೆಯುತ್ತದೆ, ಅದಕ್ಕೇ ನೋವು ಮಿದುಳನ್ನು ಮುಟ್ಟುವುದಿಲ್ಲ ಎನ್ನುತ್ತಿದ್ದೆ. ಇಲ್ಲವೇ ಓಆರ್‌ಎಸ್‌ ಕಥೆ ಹೇಳುತ್ತಿದ್ದೆ. ಗ್ಲೂಕೋಸನ್ನೂ ಸೋಡಿಯಮನ್ನೂ ಜೊತೆಯಾಗಿ ಒಳಗೆ ಸಾಗಿಸಿ, ಅವುಗಳ ಹಿಂದೆಯೇ ನೀರೂ ಒಳಬರುವಂತೆ ಮಾಡುವ ಪ್ರೋಟೀನೊಂದು ಕರುಳಿನ ಪೊರೆಯಲ್ಲಿದೆ. ಅದು ಚಾನೆಲ್ ಅಲ್ಲ, ಚಾನೆಲ್‌ಗಳ ದಾಯಾದಿ. ಈ ಜೋಡಿ ಸಾಗಾಟದ ವಿಚಾರವನ್ನು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿಯೇ ಸಾವಿರಾರು ಜನರಿಗೆ ಚಿಕಿತ್ಸೆ ಕೊಟ್ಟರು.

ಇದೆಲ್ಲ ನಿಜ. ಆದರೂ ಈ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಬೇರೆಯವರ ಪುಣ್ಯವನ್ನು ನನ್ನ ಕೆಲಸಕ್ಕೆ ಜಾಮೀನು ಇಟ್ಟಂತೆ ಅನ್ನಿಸುತ್ತಿತ್ತು. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವಾಗ ನನ್ನ ತಲೆಯಲ್ಲಿ ಇರುವುದು ಅದಲ್ಲವೇ ಅಲ್ಲ.

ಇರುವುದು ಏನೆಂದು ಸರಿಯಾಗಿ ಹೇಳಲು ಸಾಧ್ಯವಾದದ್ದು ಚಿಕ್ಕಮ್ಮನ ಎದುರು. ಊರಿನ ಜಗಲಿಯಲ್ಲಿ ಕುಳಿತು ಅಕ್ಕಿ ಜರಡಿ ಹಿಡಿಯುತ್ತಿದ್ದರು. ಅವರೂ ಅದೇ ಪ್ರಶ್ನೆ ಕೇಳಿದರು. ನಾನು ಜರಡಿಯನ್ನೇ ತೋರಿಸಿದೆ. ‘ಚಿಕ್ಕಮ್ಮ, ಇದರಲ್ಲಿ ನುಚ್ಚು ಕೆಳಗೆ ಬೀಳುತ್ತದೆ, ಅಕ್ಕಿ ಮೇಲೆ ಉಳಿಯುತ್ತದೆ. ನಮ್ಮ ನರಗಳಲ್ಲಿ ಒಂದು ಜರಡಿ ಇದೆ. ಅದರಲ್ಲಿ ಅಕ್ಕಿ ಕೆಳಗೆ ಬೀಳುತ್ತದೆ, ನುಚ್ಚು ಮೇಲೆ ಉಳಿಯುತ್ತದೆ.’

ಅವರ ಕೈ ನಿಂತಿತು. ‘ಅದು ಹೇಗಾಗುತ್ತದೆ?’

ಪೊಟ್ಯಾಸಿಯಂ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು), ಸೋಡಿಯಂ ಅಯಾನಿನದು 0.95. ಆದರೂ ಪೊಟ್ಯಾಸಿಯಂ ಚಾನೆಲ್ ದೊಡ್ಡದನ್ನು ದಾಟಲು ಬಿಟ್ಟು ಚಿಕ್ಕದನ್ನು ತಡೆಯುತ್ತದೆ. ಸುಮಾರು ಹತ್ತು ಸಾವಿರ ಪೊಟ್ಯಾಸಿಯಂಗೆ ಒಂದು ಸೋಡಿಯಂ ನುಸುಳಿದರೆ ಹೆಚ್ಚು. ಅಷ್ಟು ಕಟ್ಟುನಿಟ್ಟಿನ ಕಾವಲಿದ್ದೂ ಸೆಕೆಂಡಿಗೆ ಹತ್ತು ಕೋಟಿಯವರೆಗೆ ಅಯಾನುಗಳು ದಾಟಬಲ್ಲವು.

ಇದರ ಗುಟ್ಟು ಕಣ್ಣಿಗೆ ಕಾಣುವಂತಾದದ್ದು 1998ರಲ್ಲಿ. ರಾಡರಿಕ್ ಮೆಕಿನನ್ ಓದಿದ್ದು ವೈದ್ಯಕೀಯ. ನಲವತ್ತರ ಹೊತ್ತಿಗೆ, ಸ್ಫಟಿಕದ ಮೇಲೆ ಎಕ್ಸ್-ರೇ ಹಾಯಿಸಿ ಅಣುವಿನ ಆಕಾರ ತಿಳಿಯುವ, ತಮಗೆ ಹೊಸದಾದ ಎಕ್ಸ್-ರೇ ಸ್ಫಟಿಕಶಾಸ್ತ್ರವನ್ನು ಕಲಿತು, ಮಣ್ಣಿನ ಬ್ಯಾಕ್ಟೀರಿಯಾ ಒಂದರ ಪೊಟ್ಯಾಸಿಯಂ ಚಾನೆಲ್‌ನ ರಚನೆಯನ್ನು ಬಿಡಿಸಿದರು. ನನಗೆ ಅವರ 2003ರ ನೊಬೆಲ್‌ಗಿಂತ ಆ ವಯಸ್ಸಿನಲ್ಲಿ ಹೊಸದಾಗಿ ವಿದ್ಯಾರ್ಥಿಯಾದ ಧೈರ್ಯವೇ ದೊಡ್ಡದಾಗಿ ಕಾಣುತ್ತದೆ. ನೀರಿನಲ್ಲಿರುವ ಅಯಾನನ್ನು ನೀರಿನ ಆಕ್ಸಿಜನ್‌ಗಳು ಸುತ್ತುವರಿದಿರುತ್ತವೆ. ಇಕ್ಕಟ್ಟಾದ ಚಾನೆಲ್ ಹೊಗಬೇಕಾದರೆ ಅವನ್ನು ಹೊರಗೇ ಬಿಡಬೇಕು. ಚಾನೆಲ್‌ನ ಗೋಡೆಯೂ ತನ್ನ ಆಕ್ಸಿಜನ್‌ಗಳನ್ನು ಮುಂದೆ ಚಾಚಿಕೊಂಡಿದೆ, ಆದರೆ ಪೊಟ್ಯಾಸಿಯಂನ ಅಳತೆಗೆ. ಸೋಡಿಯಂಗೆ ಅವು ದೂರ. ದೊಡ್ಡವರ ಕುರ್ಚಿಯಲ್ಲಿ ಕುಳಿತ ಮಗುವಿಗೆ ಎರಡೂ ಕಡೆಯ ಹಿಡಿ ಎಟುಕದ ಹಾಗೆ. ನೀರನ್ನು ಬಿಟ್ಟು ಬರುವುದಕ್ಕಿಂತ ಅಲ್ಲೇ ಇರುವುದು ಅದಕ್ಕೆ ಮೇಲು.

ಮಗುವಿನ ಮಾತು ಚಿಕ್ಕಮ್ಮನಿಗೆ ಹಿಡಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಆ ಜರಡಿ ಯಾವಾಗಲೂ ತೆರೆದೇ ಇರುತ್ತದೆಯೋ?’ ಎಂದರು.

ನನ್ನ ಇಪ್ಪತ್ತೆರಡು ವರ್ಷಗಳ ಕೆಲಸವೆಲ್ಲ ಆ ಒಂದು ಪ್ರಶ್ನೆ. ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಪ್ರಕಟಿಸಿದ ಪ್ಯಾಚ್ ಕ್ಲಾಂಪ್ ವಿಧಾನದಿಂದ ಒಂದೇ ಒಂದು ಚಾನೆಲ್‌ನ ವಿದ್ಯುತ್ತನ್ನು ಅಳೆಯಬಹುದು. ನಾನು ಅದನ್ನು ಮೊದಲು ಕಂಡದ್ದು ವಿದ್ಯಾರ್ಥಿಯಾಗಿದ್ದಾಗ, ಒಂದು ರಾತ್ರಿ. ಗಾಜಿನ ಪಿಪೆಟ್‌ನ ತುದಿಯನ್ನು ಕೋಶಕ್ಕೆ ತಾಗಿಸಿ, ಇನ್ನೊಂದು ತುದಿಗೆ ಸಿಕ್ಕಿಸಿದ ಕೊಳವೆಯನ್ನು ಬಾಯಲ್ಲಿಟ್ಟು ಮೆಲ್ಲನೆ ಎಳೆದೆ. ಪೊರೆ ಗಾಜಿಗೆ ಬಿಗಿಯಾಗಿ ಅಂಟಿಕೊಂಡಿತು. ಪರದೆಯ ಮೇಲೆ ಒರಟಾಗಿ ನಡುಗುತ್ತಿದ್ದ ಗೆರೆ ಒಮ್ಮೆಲೇ ತೆಳುವಾಯಿತು. ಆಮೇಲೆ ಗೆರೆ ಟಕ್ಕನೆ ಒಂದು ಮೆಟ್ಟಿಲು ಮೇಲೇರಿ, ನಿಂತು, ಟಕ್ಕನೆ ಇಳಿಯಿತು. ಎರಡು ಪಿಕೋಆಂಪಿಯರ್, ಅಂದರೆ ಸೆಕೆಂಡಿಗೆ ಸುಮಾರು 1.2 ಕೋಟಿ ಅಯಾನುಗಳು. ಒಂದು ಪ್ರೋಟೀನ್ ತೆರೆದು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ಮತ್ತೆ ಯಾವಾಗ ತೆರೆಯುತ್ತದೆ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಸಾವಿರ ಸಲ ನೋಡಿದ ಮೇಲೆ ಸರಾಸರಿ ಮಾತ್ರ ಹೇಳಬಹುದು.

ಅಂಥದ್ದೇ ಒಂದು ದಾಖಲೆ ಮೊಬೈಲಿನಲ್ಲಿತ್ತು. ಚಿಕ್ಕಮ್ಮನಿಗೆ ತೋರಿಸಿದೆ. ಅವರು ಜರಡಿ ಕೆಳಗಿಟ್ಟು, ಕನ್ನಡಕ ಸರಿ ಮಾಡಿಕೊಂಡು, ಗೆರೆ ಏರಿದಾಗ ‘ತೆರೆಯಿತು’, ಇಳಿದಾಗ ‘ಮುಚ್ಚಿತು’ ಎನ್ನುತ್ತಾ ಕೊನೆಯವರೆಗೂ ನೋಡಿದರು. ಮುಗಿದ ಮೇಲೆ, ‘ಇನ್ನೊಮ್ಮೆ ಮೊದಲಿನಿಂದ ಹಾಕು’ ಎಂದರು.