ಹೆಸರು ಓದುವ ಕಷ್ಟ

ಟೆನಿಸ್ ಆಟಗಾರ್ತಿ ಇಗಾ ಅವರ ಮನೆತನದ ಹೆಸರನ್ನು ಅಕ್ಷರ ನೋಡಿ ಓದಿದರೆ 'ಸ್ವಿಯಾಟೆಕ್' ಅಂತಲೇ ಬಾಯಿಗೆ ಬರುತ್ತದೆ. ಪೋಲೆಂಡಿನವರು ಹೇಳುವುದು ಹೆಚ್ಚುಕಮ್ಮಿ 'ಶ್ವಿಯೋನ್‌ಟೆಕ್' ಎಂದು. ಪೋಲಿಷ್‌ನಲ್ಲಿ 'ಎ' (a) ಅಕ್ಷರಕ್ಕೆ ಕೆಳಗೊಂದು ಪುಟ್ಟ ಬಾಲ ಬಂದರೆ ಸದ್ದೇ ಬದಲಾಗುತ್ತದೆ, ಮೂಗಿನಿಂದ ಬರುವ 'ಓಂ' ಥರ. ಟಿವಿಯ ಸ್ಕೋರ್ ಪಟ್ಟಿಯಲ್ಲಿ ಆ ಬಾಲ ಬಹಳ ಸಲ ಇರುವುದೇ ಇಲ್ಲ. ಇನ್ನು ಓದುವವರಿಗೆ ಗೊತ್ತಾಗುವುದಾದರೂ ಹೇಗೆ?

ಐರಿಷ್ ನಟಿ ಸರ್ಶಾ (Saoirse) ರೋನನ್ ಹೆಸರಂತೂ ಇನ್ನೂ ಕಷ್ಟ. ಬರೆದಿರುವುದಕ್ಕೂ ಹೇಳುವುದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಐರಿಷ್ ಓದುವವರಿಗೆ ಆ ಸ್ಪೆಲ್ಲಿಂಗ್ ಸಹಜವೇ. ಲಿಪಿ ಒಂದೇ ಆದರೂ ಓದುವ ಕ್ರಮ ಒಂದೊಂದು ಭಾಷೆಗೆ ಒಂದೊಂದು. ನಾವು ಎಲ್ಲವನ್ನೂ ಇಂಗ್ಲಿಷಿನ ಹಾಗೆ ಓದಲು ಹೋಗುತ್ತೇವೆ, ತೊಡಕು ಅಲ್ಲೇ ಅಲ್ವಾ?

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ವಿಯೆಟ್ನಾಮಿನ ಹೆಸರು. ಅಲ್ಲಿ ತೀರಾ ಸಾಮಾನ್ಯವಾದ 'ಙುಯೆನ್' ಎಂಬ ಮನೆತನದ ಹೆಸರು ಶುರುವಾಗುವುದೇ ನಮ್ಮ 'ಙ' ಸದ್ದಿನಿಂದ! ವರ್ಣಮಾಲೆಯಲ್ಲಿ ಕಲಿತು ಆಮೇಲೆ ನಾವು ಒಂಟಿಯಾಗಿ ಬಳಸದೇ ಬಿಟ್ಟ ಅಕ್ಷರ ಅದು. ನಮ್ಮ ಪತ್ರಿಕೆಗಳು ಇಂಥ ಹೆಸರುಗಳನ್ನು ಸ್ಪೆಲ್ಲಿಂಗ್ ನೋಡಿ ಬರೆಯುವ ಬದಲು ಕಿವಿಯಿಂದ ಕೇಳಿ ಬರೆಯಬೇಕು ಅಂತ ನನಗೆ ತುಂಬಾ ಆಸೆ.